ಹಲ್ಲಕ್ಕ ಕಂಡ ಬಿಳಿ

ಬೀದಿಯ ಮಕ್ಕಳು ಅವಳನ್ನು ಹಲ್ಲಕ್ಕ ಎಂದು ಕರೆಯುತ್ತಿದ್ದರು. ಮಾಡುವ ಕೆಲಸ ಹಲ್ಲಿನದು, ಕರೆಯಲು ಸಲೀಸು ಅಕ್ಕ. ಎರಡೂ ಸೇರಿ ಅದೇ ಹೆಸರು ನಿಂತುಬಿಟ್ಟಿತು, ದೊಡ್ಡವರ ಬಾಯಲ್ಲೂ. ಅವಳು ಹಲ್ಲು ಕೀಳುವವಳಲ್ಲ, ಮಾಡುವವಳು. ಬೀಗ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಾಲ್ಕು ಮಂದಿ ಕೂತು ಕೆಲಸ ಮಾಡುವ ಒಂದು ಲ್ಯಾಬು. ಊರಿನ ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಳತೆ ತೆಗೆದು ಅಚ್ಚು ಕಳಿಸಿದರೆ, ಅದಕ್ಕೆ ತಕ್ಕ ಹಲ್ಲು ಇಲ್ಲಿ ತಯಾರಾಗಿ ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂತು ಹಿಂದಿರುಗುತ್ತಿತ್ತು. ಉತ್ತರದ ಕಿಟಕಿಯ ಪಕ್ಕದ ಕುರ್ಚಿ ಹಲ್ಲಕ್ಕನದು. ಇಪ್ಪತ್ತಾರು ವರ್ಷ ಆ ಕುರ್ಚಿಯಲ್ಲಿ ಕೂತು ಅವಳು ಅದೆಷ್ಟು ಸಾವಿರ ಹಲ್ಲು ಮಾಡಿದ್ದಳೋ. ಬಸ್ಸಿನಲ್ಲಿ ಯಾರಾದರೂ ನಕ್ಕರೆ, ಅದು ತನ್ನ ಕೈಯದೋ ದೇವರ ಕೈಯದೋ ಎಂದು ಇಣುಕುವ ಚಟ ಅವಳಿಗೆ.

ಅತ್ತೆಯ ಬಾಯಲ್ಲಿದ್ದ ಮೇಲಿನ ಸೆಟ್ಟು, ಕೆಳಗಿನ ಸೆಟ್ಟು ಎರಡೂ ಅವಳು ಮಾಡಿಕೊಟ್ಟದ್ದೇ. “ಸೊಸೆಯನ್ನ ಬಯ್ಯೋಕೂ ಸೊಸೆ ಕೊಟ್ಟ ಹಲ್ಲೇ ಬೇಕಾಯ್ತಲ್ಲ ನನಗೆ” ಎಂದು ಮುದುಕಿ ಬಂದವರೆದುರು ಹೇಳಿಕೊಂಡು ನಗುತ್ತಿದ್ದಳು. ಗಂಡ ಸಿಟಿ ಬಸ್ಸಿನ ಡ್ರೈವರು, ಮಾತು ಕಮ್ಮಿ. ದಿನವಿಡೀ ಹಾರ್ನ್ ಕೇಳಿದವನಿಗೆ ಮನೆಯಲ್ಲಿ ಸದ್ದಿಲ್ಲದಿರುವುದೇ ಊಟದಷ್ಟು ರುಚಿ.

ಮುಂದಿನ ಹಲ್ಲಿನ ಕೆಲಸ ಬಂದರೆ ಲ್ಯಾಬಿನ ಮಾಲೀಕ ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ದವಡೆಯ ಹಲ್ಲು ಹೇಗಿದ್ದರೂ ನಡೆದೀತು, ಅದನ್ನು ನೋಡುವವರು ಯಾರು? ಮುಂದಿನದು ಹಾಗಲ್ಲ. ಪಕ್ಕದಲ್ಲೇ ಅದರ ಜೋಡಿ ಕೂತಿರುತ್ತದೆ, ಹೊಸಬ ಒಂದಿಷ್ಟು ಬೇರೆ ಕಂಡರೂ ಮಗ್ಗುಲಿನ ಆ ಜೋಡಿಯೇ ಸಾಕ್ಷಿ ಹೇಳುತ್ತದೆ. ಆದರೂ ಈ ಕೆಲಸದ ಬಗ್ಗೆ ಯಾರಾದರೂ ಹೊಗಳಿದರೆ ಹಲ್ಲಕ್ಕನಿಗೆ ಮುಜುಗರ. ಇರುವುದನ್ನು ನೋಡಿ ಇದ್ದ ಹಾಗೆ ಮಾಡುವುದು, ಅದು ಕಸುಬು, ಅದರಲ್ಲೇನು ಮಹಾ ಎನ್ನುತ್ತಿದ್ದಳು. ಕಲೆ ಎಂದರೆ ಬೇರೆ. ಅದು ಎಲ್ಲಿದೆ ಎಂಬುದು ಅವಳಿಗೆ ಖಚಿತವಾಗಿ ಗೊತ್ತಿತ್ತು. ಗ್ರಂಥಾಲಯದ ಮೆಟ್ಟಿಲ ತಿರುವಿನ ಗೋಡೆಯ ಮೇಲೆ.

ಎರಡು ವರ್ಷದ ಹಿಂದೆ ಅತ್ತೆಗೆ ದಪ್ಪಕ್ಷರದ ಪುಸ್ತಕ ತರಲು ಹೋದಾಗ ಅವಳು ಅಲ್ಲಿ ಒಂದು ಚಿತ್ರ ನೋಡಿದ್ದಳು. ಜಲವರ್ಣ. ಮಳೆ ನಿಂತ ಮೇಲಿನ ಒಂದು ಬೀದಿ, ಒದ್ದೆ ರಸ್ತೆ, ದೂರದಲ್ಲಿ ಸೈಕಲ್ ತಳ್ಳಿಕೊಂಡು ಹೋಗುವ ಒಬ್ಬ. ಅಷ್ಟೇ. ಹತ್ತಿರ ಹೋದರೆ ಸೈಕಲ್ಲೂ ಇಲ್ಲ, ಮನುಷ್ಯನೂ ಇಲ್ಲ, ಎರಡು ಬಳುಕು ಗೆರೆ ಮತ್ತು ಒಂದು ಹನಿ. ರಸ್ತೆಯ ಮೇಲಿನ ಬೆಳಕಿಗೆ ಚಿತ್ರಕಾರ ಏನೂ ಹಚ್ಚಿಯೇ ಇರಲಿಲ್ಲ. ಬರಿಯ ಕಾಗದವನ್ನು ಹಾಗೇ ಬಿಟ್ಟಿದ್ದ. ಬಿಟ್ಟ ಜಾಗ ಬೆಳಕಾಗಿತ್ತು. ಹಲ್ಲಕ್ಕ ಅಲ್ಲೇ ನಿಂತಳು. ಮೇಲೆ ಹೋಗುವವರು, ಕೆಳಗೆ ಬರುವವರು ಅವಳನ್ನು ಸುತ್ತಿ ಬಳಸಿ ನಡೆದರು. ಪುಸ್ತಕ ತರುವುದು ಮರೆತೇ ಹೋಗಿ, ಮನೆಗೆ ಬರಿಗೈಯಲ್ಲಿ ಬಂದು ಅತ್ತೆಯಿಂದ ಬಯ್ಸಿಕೊಂಡಳು.

ಚಿತ್ರ ಬರೆದವರು ಅದೇ ಗ್ರಂಥಾಲಯದ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ಕ್ಲಾಸು ನಡೆಸುತ್ತಾರೆಂದು ತಿಳಿಯಿತು. ಸರ್ವೆ ಇಲಾಖೆಯಲ್ಲಿ ನಕ್ಷೆ ಬರೆದು ನಿವೃತ್ತರಾದವರು. ಮೂವತ್ತೈದು ವರ್ಷ ಗೆರೆ ತಪ್ಪದಂತೆ ಕೂತದ್ದರ ಸೇಡು ತೀರಿಸಿಕೊಳ್ಳುವಂತೆ ಈಗ ನೀರನ್ನು ಮನಬಂದಂತೆ ಹರಿಯಬಿಡುತ್ತಿದ್ದರು. ಎಲ್ಲರೂ ಅವರನ್ನು ನೀರು ಮೇಷ್ಟ್ರು ಎನ್ನುತ್ತಿದ್ದರು. ಬಂದವರಿಗೆಲ್ಲ ಅವರು ಹೇಳುತ್ತಿದ್ದದ್ದು ಒಂದೇ ಮಾತು, ನೀರಿನ ಕೆಲಸಕ್ಕೆ ಅಡ್ಡ ಬರಬೇಡಿ ಅಂತ.

ಹಲ್ಲಕ್ಕ ಅಡ್ಡ ಬಂದಳು. ಎರಡು ವರ್ಷ ಬಿಡದೆ ಅಡ್ಡ ಬಂದಳು. ಮೇಷ್ಟ್ರು ಕೊಡುತ್ತಿದ್ದ ಕಾಗದ ದಿನಪತ್ರಿಕೆಯ ಅರ್ಧ ಹಾಳೆಯಷ್ಟು ದೊಡ್ಡದು. ಉಗುರಿನಷ್ಟಗಲದ ಹಲ್ಲಿನ ಮೇಲೆ ಕೆಲಸ ಮಾಡಿದ ಕೈಗೆ ಅದು ಕ್ರಿಕೆಟ್ ಮೈದಾನದಂತೆ ಕಾಣುತ್ತಿತ್ತು. ಮೇಷ್ಟ್ರು ಅಗಲ ಬ್ರಶ್ಶನ್ನು ನೀರಿಗದ್ದಿ ಮೂರು ಎಳೆತದಲ್ಲಿ ಆಕಾಶ ಮುಗಿಸಿ ಕೈ ಒರೆಸಿಕೊಳ್ಳುವಾಗ, ಇವಳ ಆಕಾಶ ಇನ್ನೂ ಮೂಲೆಯಲ್ಲಿ ತೇಪೆ ಹಾಕಿಸಿಕೊಳ್ಳುತ್ತಿರುತ್ತಿತ್ತು. ತೇಪೆಯ ಮೇಲೆ ತೇಪೆ, ಬಣ್ಣದ ಮೇಲೆ ಬಣ್ಣ. ಕೊನೆಗೆ ನೀಲಿಯೂ ಹಸಿರೂ ಕಂದೂ ಒಂದಾಗಿ ಕೆಸರು. ಮೇಷ್ಟ್ರು ಬೆಂಚುಗಳ ನಡುವೆ ನಡೆದು ಬರುವಾಗ ಒಬ್ಬೊಬ್ಬರ ಮುಂದೆ ಒಂದೊಂದು ಮಾತಾಡಿ, ಹಿಂದಿನ ಬೆಂಚಿಗೆ ಬಂದು ಹಲ್ಲಕ್ಕನ ಹಾಳೆ ನೋಡಿ, “ಒಣಗ್ಲಿ, ನೋಡೋಣ” ಎಂದು ಮುಂದೆ ಹೋಗುತ್ತಿದ್ದರು. ಒಣಗಿದ ಮೇಲೆ ಅದು ಒಣಗಿದ ಕೆಸರಾಗುತ್ತಿತ್ತು.

ಮನೆಗೆ ತಂದರೆ ಅತ್ತೆಯ ಪರೀಕ್ಷೆ ಬೇರೆ. ಕೆರೆಯ ಚಿತ್ರವನ್ನು ಬೆಳಕಿಗೆ ಹಿಡಿದು, ಇದು ಕೆರೆಯೋ ಯಾರೋ ಚೆಲ್ಲಿದ ಟೀಯೋ ಎಂದು ಕೇಳುತ್ತಿದ್ದಳು. ಕೊಂಕಿಗಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು. ಅದಕ್ಕೇ ಹೆಚ್ಚು ನೋವು.

ಆದರೆ ಮೇಷ್ಟ್ರ ಚಿತ್ರ ನೋಡುವ ಸುಖ ಅವಳಿಗೆ ಎಂದೂ ಕಮ್ಮಿಯಾಗಲಿಲ್ಲ. ಕ್ಲಾಸು ಮುಗಿದು ಎಲ್ಲರೂ ಹೋದ ಮೇಲೆ, ಮೇಷ್ಟ್ರು ಬಣ್ಣ ಪರೀಕ್ಷಿಸಿ ಎಸೆದ ಕಾಗದದ ಪಟ್ಟಿಗಳನ್ನು ಕಸದ ಬುಟ್ಟಿಯಿಂದ ಆಯ್ದು ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದಳು. ಬೀರುವಿನಲ್ಲಿ ಸೀರೆಗಳ ಕೆಳಗೆ ಅಂಥ ನೂರಾರು ಪಟ್ಟಿ ಸೇರಿದ್ದವು. ಗಂಡ ಒಮ್ಮೆ ಸಾಕ್ಸ್ ಹುಡುಕುತ್ತ ಅವನ್ನು ಕಂಡು, ಏನೂ ಕೇಳದೆ ಮತ್ತೆ ಹಾಗೇ ಮುಚ್ಚಿಟ್ಟಿದ್ದ.

ಎರಡನೆಯ ವರ್ಷದ ಕೊನೆಗೆ ಅವಳು ತೀರ್ಮಾನಿಸಿದಳು. ಒಂದು ಸಂಜೆ ಗಂಡನ ಎದುರು ಊಟಕ್ಕೆ ಕೂತು, ಸಾಕು, ಇನ್ನು ಹೋಗುವುದಿಲ್ಲ, ನನಗೆ ಕಣ್ಣಿದೆ, ಕೈ ಇಲ್ಲ ಎಂದಳು. ಒಳ್ಳೆಯದನ್ನು ಗುರುತಿಸುವಷ್ಟು ಕೊಟ್ಟು ಮಾಡುವಷ್ಟು ಕೊಡದೆ ಹೋದದ್ದಕ್ಕೆ ಯಾರನ್ನು ಕೇಳುವುದು? ಗಂಡ ಅನ್ನ ಕಲಸುವುದನ್ನು ನಿಲ್ಲಿಸಿದ. ಆಮೇಲೆ, ಭಾನುವಾರ ಬೆಳಿಗ್ಗೆ ನೀನು ಮನೆಯಲ್ಲಿದ್ದರೆ ಅಮ್ಮನ ಮಾತು ನೀನೇ ಕೇಳಬೇಕಾಗುತ್ತದೆ, ನೋಡು, ಅಂದ. ಅವಳಿಗೆ ನಗು ಬಂದರೂ ತೀರ್ಮಾನ ಬದಲಾಗಲಿಲ್ಲ. ಮುಂದಿನ ಭಾನುವಾರ ಹೋಗಲಿಲ್ಲ. ಅದರ ಮುಂದಿನ ಭಾನುವಾರವೂ ಹೋಗಲಿಲ್ಲ.

ಆ ವಾರವೇ ಲ್ಯಾಬಿಗೆ ಒಂದು ತಲೆನೋವಿನ ಕೆಲಸ ಬಂತು. ಗಡಿಯಾರದ ಕಂಬದ ಹತ್ತಿರದ ಹಲ್ಲಿನ ಡಾಕ್ಟರಮ್ಮ ಫೋನು ಮಾಡಿ ಮಾಲೀಕನ ಹತ್ತಿರ ಗೋಳು ತೋಡಿಕೊಂಡರು. ಒಬ್ಬ ಯಜಮಾನರು, ಅರವತ್ತೆಂಟು ವಯಸ್ಸು, ಮೇಲಿನ ಮುಂದಿನ ಹಲ್ಲು ಮುರಿದುಕೊಂಡು ಬಂದಿದ್ದಾರೆ. ಬೇರೆ ಲ್ಯಾಬಿನಿಂದ ಕ್ಯಾಪ್ ಮಾಡಿಸಿದರೆ ಒಮ್ಮೆ ಹಸಿರು ಎಂದು ವಾಪಸು ಕೊಟ್ಟರು, ಇನ್ನೊಮ್ಮೆ ಸುಣ್ಣ ಎಂದು ವಾಪಸು ಕೊಟ್ಟರು. ನನ್ನ ಕಣ್ಣಿಗೆ ಎರಡೂ ಸರಿಯಾಗೇ ಕಂಡವು. ಎರಡು ತಿಂಗಳಲ್ಲಿ ಅವರ ಏನೋ ದೊಡ್ಡ ಕಾರ್ಯಕ್ರಮ ಇದೆಯಂತೆ, ಹಲ್ಲಿಲ್ಲದೆ ಜನರ ಮುಂದೆ ಬಾಯಿ ತೆರೆಯುವುದೇ ಇಲ್ಲ ಅಂತಾರೆ. ಮಾಲೀಕ, ಅವರನ್ನೇ ಇಲ್ಲಿಗೆ ಕಳಿಸಿ, ನಮ್ಮ ಅಕ್ಕ ಕಣ್ಣಾರೆ ನೋಡಿ ಮಾಡುತ್ತಾಳೆ ಅಂದುಬಿಟ್ಟ.

ಮರುದಿನ ಹನ್ನೊಂದು ಗಂಟೆಗೆ ಬಾಯಿಗೆ ಕರ್ಚೀಫು ಅಡ್ಡ ಹಿಡಿದು ಮೆಟ್ಟಿಲು ಹತ್ತಿ ಬಂದವರು ನೀರು ಮೇಷ್ಟ್ರು.

ಹಲ್ಲಕ್ಕನ ಕೈಯಲ್ಲಿದ್ದ ಇಕ್ಕಳ ಮೇಜಿನ ಮೇಲೆ ಬಿತ್ತು. ಮೇಷ್ಟ್ರಿಗೆ ಅವಳ ಗುರುತು ಸಿಗಲಿಲ್ಲ. ಸಿಗುವುದಾದರೂ ಹೇಗೆ? ತಲೆಗೆ ಟೋಪಿ, ಮೂಗು ಬಾಯಿಗೆ ಮಾಸ್ಕು, ಕಣ್ಣಿಗೆ ದಪ್ಪ ಭೂತಗನ್ನಡಿ. ಅವರು ಕುರ್ಚಿಯಲ್ಲಿ ಕೂತು ಕರ್ಚೀಫಿನ ಹಿಂದಿನಿಂದಲೇ ಕತೆ ಹೇಳಿದರು. ಬಣ್ಣದ ಟ್ಯೂಬಿನ ಮುಚ್ಚಳ ಒಣಗಿ ಕಚ್ಚಿಕೊಂಡಿತ್ತಂತೆ. ಐವತ್ತು ವರ್ಷದಿಂದ ಹಲ್ಲಲ್ಲೇ ತೆಗೆಯುವ ಅಭ್ಯಾಸ. ಈ ಸಲ ಮುಚ್ಚಳ ಗೆದ್ದಿತು. ‘ಸ’ ಎನ್ನಹೋದರೆ ಅವರ ಬಾಯಿಂದ ಸೀಟಿ ಬರುತ್ತಿತ್ತು, ಅದಕ್ಕೇ ‘ಸ’ ಇಲ್ಲದ ಮಾತುಗಳನ್ನು ಹುಡುಕಿ ಹುಡುಕಿ ಆಡುತ್ತಿದ್ದರು. ಭಾನುವಾರದ ಕ್ಲಾಸನ್ನು ಹಲ್ಲು ಬರುವ ತನಕ ಬರಿಯ ಕೈಸನ್ನೆಯಲ್ಲೇ ನಡೆಸುತ್ತಿದ್ದಾರಂತೆ. ನನ್ನ ಕಣ್ಣು ಒಂಚೂರು ಕೆಟ್ಟದ್ದಮ್ಮಾ, ಬಣ್ಣ ತಪ್ಪಿದರೆ ತಡೆಯುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ ಎಂದರು.

ನಿಮ್ಮ ಕ್ಲಾಸಿನವಳು ನಾನು ಎಂದು ಹೇಳಿಬಿಡೋಣ ಅನ್ನಿಸಿತು ಹಲ್ಲಕ್ಕನಿಗೆ. ಆದರೆ ಬಾಯಿ ತೆರೆದ ರೋಗಿಯ ಮುಂದೆ ಇಪ್ಪತ್ತಾರು ವರ್ಷದ ಅಭ್ಯಾಸ ಅದಕ್ಕೆಲ್ಲ ಕಾಯುವುದಿಲ್ಲ. ಬಾಯಿ ತೆರೆದು ಬಹಳ ಹೊತ್ತಿದ್ದರೆ ಹಲ್ಲು ಒಣಗಿ ಬೆಳ್ಳಗಾಗುತ್ತದೆ, ಬಣ್ಣ ಮೊದಲು ನೋಡುತ್ತೇನೆ, ಮಾತು ಆಮೇಲೆ ಎಂದು ಅವರನ್ನು ಕಿಟಕಿಗೆ ತಿರುಗಿಸಿದಳು. ಮುರಿದ ಹಲ್ಲಿನ ಜೋಡಿಯನ್ನು ನೋಡಿದಳು. ಬುಡದಲ್ಲಿ ಹಳೆಯ ಬೆಣ್ಣೆಯ ಹಳದಿ, ನಡುವೆ ಒಂದು ಅಡ್ಡ ಮಂಜು, ಟೀ ಕುಡಿದು ಕುಡಿದು ಕಂದಾದ ಕೂದಲೆಳೆಯಂಥ ಒಂದು ಬಿರುಕು. ಚೀಟಿಯಲ್ಲಿ ಹಲ್ಲನ್ನು ದೊಡ್ಡದಾಗಿ ಬರೆದು, ಪ್ರತಿ ಜಾಗಕ್ಕೂ ನಂಬರು ಹಾಕತೊಡಗಿದಳು.

ಮೇಷ್ಟ್ರಿಗೆ ಸುಮ್ಮನಿರಲು ಆಗಲಿಲ್ಲ. “ಅಂಚಲ್ಲಿ ನೇರಳೆ ಇದೆ. ಅದನ್ನ ಬಿಡಬೇಡಿ.”

“ನೇರಳೆ ಹಲ್ಲಲ್ಲಿಲ್ಲ, ತುಟಿಯ ನೆರಳಲ್ಲಿದೆ” ಎಂದಳು ಹಲ್ಲಕ್ಕ, ತಲೆಯೆತ್ತದೆ.

“ಇಲ್ಲಮ್ಮಾ, ದಿನಾ ಬೆಳಿಗ್ಗೆ ನೋಡ್ತೀನಿ.”

ಅವಳು ಅವರ ಕೈಗೆ ಕನ್ನಡಿ ಕೊಟ್ಟು, ಮರದ ಕಡ್ಡಿಯಿಂದ ಮೇಲ್ದುಟಿಯನ್ನು ಮೆಲ್ಲಗೆ ಎತ್ತಿ ಹಿಡಿದಳು. “ಈಗ ನೋಡಿ. ಬೂದಿ ಬೆರೆತ ನೀಲಿ. ಅದೂ ಅಂಚಲ್ಲಲ್ಲ, ಅಂಚಿಂದ ಒಂದು ಎಳೆ ಒಳಗೆ. ತೀರಾ ಅಂಚು ಮತ್ತೆ ಹಳದಿಗೇ ತಿರುಗಿದೆ.”

ಮೇಷ್ಟ್ರು ಕನ್ನಡಿಯನ್ನು ಹತ್ತಿರ ತಂದರು, ದೂರ ಹಿಡಿದರು, ಕಿಟಕಿಯ ಕಡೆ ವಾಲಿಸಿದರು. ತಾನು ಯಾರ ಮಾತನ್ನು ತಳ್ಳಿಹಾಕಿದೆ ಎಂಬುದು ಹಲ್ಲಕ್ಕನಿಗೆ ಆಗ ಹೊಳೆಯಿತು.

“ಹೌದಲ್ಲ” ಎಂದರು ಮೇಷ್ಟ್ರು ಕೊನೆಗೆ. “ಐವತ್ತು ವರ್ಷ ನೇರಳೆ ಅಂದ್ಕೊಂಡಿದ್ದೆ. ಬಣ್ಣ ಎಲ್ಲಿ ಕಲಿತ್ರಿ ನೀವು?”

“ಇಲ್ಲೇ, ಈ ಕಿಟಕಿ ಪಕ್ಕ.” ಅವಳು ಭೂತಗನ್ನಡಿ ತೆಗೆದು, ಮಾಸ್ಕನ್ನು ಗದ್ದಕ್ಕೆ ಇಳಿಸಿದಳು. “ಭಾನುವಾರ ಮಾತ್ರ ನಿಮ್ಮ ಹತ್ರ ಬರ್ತಿದ್ದೆ, ಮೇಷ್ಟ್ರೇ.”

ಮೇಷ್ಟ್ರು ದಿಟ್ಟಿಸಿದರು. ಹುಬ್ಬು ಗಂಟಿಕ್ಕಿ ನೆನಪನ್ನು ತಡಕಾಡಿದರು. “ಹಿಂದಿನ ಬೆಂಚು” ಎಂದರು. ಮತ್ತೆ, ಸೀಟಿ ಬಂದರೂ ಲೆಕ್ಕಿಸದೆ, “ಆ ಕೆಸರು ನೀವಾ?”

ಹಲ್ಲಕ್ಕನಿಗೆ ಅಳು ಬರಬೇಕಿತ್ತು, ನಗು ಬಂತು. ಮೇಷ್ಟ್ರೂ ನಕ್ಕರು. ಹಲ್ಲು ಮುರಿದ ದಿನದಿಂದ ಮೊದಲ ಸಲ ಕರ್ಚೀಫಿಲ್ಲದೆ, ನಡುವಿನ ಕಿಂಡಿ ಕಾಣುವ ಹಾಗೆ.

ಅವರು ಎದ್ದು ಹೋಗಲಿಲ್ಲ. ನೋಡಬಹುದೇ ಎಂದು ಕೇಳಿ ಕುರ್ಚಿಯನ್ನು ಅವಳ ಮೇಜಿನ ಪಕ್ಕಕ್ಕೆ ಎಳೆದುಕೊಂಡರು. ಹಲ್ಲಕ್ಕ ಆಗ ಬೇರೆ ಯಾರದೋ ಹಲ್ಲು ಕಟ್ಟುತ್ತಿದ್ದಳು. ಗಾಜಿನ ಹಲಗೆಯ ಮೇಲೆ ಪಿಂಗಾಣಿಯ ಪುಡಿಗಳ ಸಣ್ಣ ಸಣ್ಣ ಗುಡ್ಡೆ. ಒಂದೊಂದನ್ನೂ ನೀರಿನಲ್ಲಿ ಕಲಸಿ, ತುದಿ ಚೂಪಾದ ಬ್ರಶ್ಶಿನಿಂದ ಎತ್ತಿ, ಪದರದ ಮೇಲೆ ಪದರ ಕೂರಿಸಬೇಕು. ನೀರು ಹೆಚ್ಚಾದರೆ ಕುಸಿಯುತ್ತದೆ, ಕಮ್ಮಿಯಾದರೆ ಬಿರಿಯುತ್ತದೆ. ಒದ್ದೆಯಲ್ಲಿ ಕಾಣುವ ಬಣ್ಣವೂ ನಿಜವಾದದ್ದಲ್ಲ. ಒಂದು ಪುಡಿ ಗುಲಾಬಿ, ಇನ್ನೊಂದು ತಿಳಿ ನೀಲಿ. ಫರ್ನೇಸಿನ ಬೆಂಕಿಯಲ್ಲಿ ಕರಗಿ ಬಂದ ಮೇಲೇ ಅವು ಹಲ್ಲಿನ ಬಣ್ಣ. ಗಾತ್ರವೂ ಕುಗ್ಗುತ್ತದೆ. ಆದ್ದರಿಂದ ಇಲ್ಲದ ಬಣ್ಣವನ್ನು, ಇಲ್ಲದ ಗಾತ್ರವನ್ನು ಮನಸ್ಸಿನಲ್ಲಿ ಕಂಡು ಕೈ ನಡೆಸಬೇಕು. ಹಲ್ಲಕ್ಕನ ಬ್ರಶ್ಶು ನೀರಿನ ಬಟ್ಟಲಿಗೆ ಹೋಗಿ, ಕಾಗದದ ಮೇಲೆ ಒಮ್ಮೆ ತಾಗಿ, ಹಲ್ಲಿಗೆ ಬಂದು, ಮತ್ತೆ ಹೋಗುತ್ತಿತ್ತು. ಒಂದು ಸಲವೂ ಹನಿ ಬೀಳಲಿಲ್ಲ, ಒಂದು ಸಲವೂ ಕೈ ತಡವರಿಸಲಿಲ್ಲ. ಮೇಷ್ಟ್ರು ಮಧ್ಯಾಹ್ನದ ಊಟದ ಹೊತ್ತು ಮೀರುವ ತನಕ ಕೂತರು.

ಎದ್ದಾಗ ಅವರು ಹೇಳಿದ್ದು ಇಷ್ಟೇ: “ನೀರು ಇಷ್ಟು ಚೆನ್ನಾಗಿ ಗೊತ್ತಿರೋರು, ಅಲ್ಲಿ ಬಂದು ಯಾಕೆ ಮುಳುಗ್ತೀರಿ?”

ಆ ಪ್ರಶ್ನೆ ಅವಳ ಬೆನ್ನು ಹತ್ತಿತು. ಬಸ್ಸಿನಲ್ಲಿ ಜೊತೆಗೆ ಬಂತು, ಅಡುಗೆಮನೆಗೂ ಬಂತು. ಎರಡು ದಿನ ಬಿಟ್ಟು, ಪಾತ್ರೆ ಒರೆಸುತ್ತಿದ್ದವಳು ಇದ್ದಕ್ಕಿದ್ದಂತೆ ಗಂಡನ ಕಡೆ ತಿರುಗಿ, ನಾನು ಇಷ್ಟು ದಿನ ನನ್ನ ಚಿತ್ರ ಬರೆದೇ ಇಲ್ಲ, ಅವರ ಚಿತ್ರ ಬರೆಯಲು ಹೋಗುತ್ತಿದ್ದೆ ಎಂದಳು. ಗಂಡ, ಬೇರೆಯವರ ರೂಟಿನಲ್ಲಿ ಗಾಡಿ ಓಡಿಸಿದ ಹಾಗೆ ಅನ್ನು, ಎಂದ.

ಮೇಷ್ಟ್ರ ಹಲ್ಲು ಮೊದಲ ಸಲ ಫರ್ನೇಸಿನಿಂದ ಹೊರಬಂದಾಗ ಲ್ಯಾಬಿನಲ್ಲಿ ಎಲ್ಲರೂ ಭೇಷ್ ಎಂದರು. ಹಲ್ಲಕ್ಕ ಅದನ್ನು ಕಿಟಕಿಯ ಬೆಳಕಿನಲ್ಲಿ ತಿರುಗಿಸಿ ನೋಡಿದಳು. ಬಣ್ಣ ಸರಿ, ಬಿರುಕು ಸರಿ, ಆದರೆ ಜೀವ ಇಲ್ಲ. ಒಳಗಿನ ಮಂಜು ಮೇಲೆ ಅಂಟಿಸಿದ ಹಾಗೆ ಕಾಣುತ್ತಿತ್ತು. ಯಾರೂ ತಪ್ಪು ಹಿಡಿಯುವ ಮೊದಲೇ ಅದನ್ನು ಪಕ್ಕಕ್ಕಿಟ್ಟು ಮತ್ತೆ ಬುಡದಿಂದ ಶುರುಮಾಡಿದಳು. ಈ ಸಲ ಮಂಜನ್ನು ಮೂರನೆಯ ಪದರದಲ್ಲೇ ಹುದುಗಿಸಿ ಮೇಲೆ ತೆಳ್ಳಗೆ ಹೊದಿಸಿದಳು. ಎರಡನೆಯದು ತಣಿದ ಮೇಲೆ ಅಚ್ಚಿನಲ್ಲಿ ಕೂರಿಸಿ ನೋಡಿ, ಡಬ್ಬಿಗೆ ಹಾಕಿದಳು.

ಹಲ್ಲು ಕೂರಿಸುವ ದಿನ ಡಾಕ್ಟರಮ್ಮ ಅವಳನ್ನೂ ಕ್ಲಿನಿಕ್ಕಿಗೆ ಬರಹೇಳಿದರು. ಮತ್ತೆ ಹಸಿರು ಎಂದರೆ ಉತ್ತರ ಕೊಡಲು ಯಾರಾದರೂ ಬೇಕಲ್ಲ. ಕೂರಿಸಿದ್ದಾಯಿತು. ಮೇಷ್ಟ್ರು ಕನ್ನಡಿ ಹಿಡಿದು ನೋಡಿದರು. ಎದ್ದು ಕಿಟಕಿಯ ಹತ್ತಿರ ಹೋದರು. ಅಲ್ಲಿಂದ ಬಾಗಿಲಾಚೆ ಬಿಸಿಲಿಗೆ ಹೋದರು. ಡಾಕ್ಟರಮ್ಮ ಹಲ್ಲಕ್ಕನ ತೋಳು ಹಿಡಿದುಕೊಂಡು ನಿಂತಿದ್ದರು. ತುಂಬ ಹೊತ್ತಾದ ಮೇಲೆ ಮೇಷ್ಟ್ರು ಒಳಗೆ ಬಂದು, ಸ್ವಲ್ಪ ಸಿಟ್ಟು ಬಂದವರಂತೆ ಕೇಳಿದರು.

“ಎರಡರಲ್ಲಿ ನೀವು ಮಾಡಿದ್ದು ಯಾವುದು?”

ಬಣ್ಣದಲ್ಲಿ ಊರಿಗೇ ದೊಡ್ಡ ಕಣ್ಣು. ಅದು ಕೇಳಿದ ಪ್ರಶ್ನೆ ಇದು! ಹಲ್ಲಕ್ಕನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ‘ಸರಸರ, ಸಾವಿರ, ಸಾಸಿವೆ’ ಎಂದು ಮೇಷ್ಟ್ರು ಕ್ಲಿನಿಕ್ಕಿನ ನಡುವೆ ನಿಂತು ಒಂದೊಂದೇ ಮಾತನ್ನು ಸೀಟಿಯಿಲ್ಲದೆ ಹೇಳಿ ನೋಡಿಕೊಂಡರು. ಕಾದು ಕೂತಿದ್ದ ರೋಗಿಗಳು ತಮ್ಮ ನೋವು ಮರೆತು ನಕ್ಕರು.

ಅದರ ಮುಂದಿನ ಭಾನುವಾರ ಹಲ್ಲಕ್ಕ ಮತ್ತೆ ಕ್ಲಾಸಿಗೆ ಹೋದಳು. ಚೀಲದಲ್ಲಿ ತನ್ನ ಕೆಲಸದ ಬ್ರಶ್ಶು, ಅಂಗೈಯಗಲಕ್ಕೆ ಕತ್ತರಿಸಿದ ಕಾಗದ. ಮೇಷ್ಟ್ರು ಆ ದಿನ ಎಲ್ಲರ ಮುಂದೆ ಕೆಂಪು ಬಟ್ಟೆಯ ಮೇಲೆ ನೀಲಿ ಸೀಸೆ ಇಟ್ಟಿದ್ದರು. ಅವಳು ಅತ್ತ ನೋಡಲಿಲ್ಲ. ಕೋಣೆಯ ಮೂಲೆಯಲ್ಲಿ ಎಲ್ಲರೂ ಬ್ರಶ್ಶು ತೊಳೆಯುವ ಪಿಂಗಾಣಿಯ ಬೇಸಿನ್ನು ಇತ್ತು. ಅಂಚು ಚೂರು ಹಾರಿದ, ಹಳೆಯ, ಬಿಳಿ ಬೇಸಿನ್ನು. ಅದರ ಮೇಲೆ ಒಂದು ಬಿಳಿ ಟವೆಲ್ಲು. ನಾನು ಅದನ್ನು ಬರೆಯುತ್ತೇನೆ ಎಂದು ಮೇಷ್ಟ್ರಿಗೆ ಹೇಳಿ, ಸ್ಟೂಲನ್ನು ಅತ್ತ ತಿರುಗಿಸಿ ಕೂತಳು.

ಬೇರೆಯವರಿಗೆ ಅದು ಒಂದು ಬಿಳಿ ಬೇಸಿನ್ನು. ಹಲ್ಲಕ್ಕನ ಕಣ್ಣಿಗೆ ಅಲ್ಲಿ ಒಂದು ಸಂತೆಯೇ ನೆರೆದಿತ್ತು. ನಲ್ಲಿಯ ಕೆಳಗೆ ನೀರು ಹರಿದು ಹರಿದು ಹಳದಿಯಾದ ಬಿಳಿ. ಗುಂಡಿಯ ಒಳಗೆ ತಣ್ಣನೆಯ ಬಿಳಿ. ಟವೆಲ್ಲಿನ ಮಡಿಕೆಯಲ್ಲಿ ಗೋಡೆಯ ಹಸಿರನ್ನು ಕದ್ದ ಬಿಳಿ, ಒಗೆದು ಸವೆದ ಅಂಚಿನಲ್ಲಿ ನೂಲಿನ ಬಿಳಿ, ಚೂರು ಹಾರಿದ ಕಡೆ ಒಳಗಿನ ಮಣ್ಣಿನ ಒರಟು ಬಿಳಿ. ದಿನದಿನವೂ ಮಾಡುತ್ತಿದ್ದ ಕೆಲಸ ಇದೇ ಅಲ್ಲವೇ? ಬ್ರಶ್ಶು ನೀರಿಗೆ ಹೋಯಿತು, ಒರೆಸು ಕಾಗದಕ್ಕೆ ತಾಗಿತು, ಚಿತ್ರಕ್ಕೆ ಬಂತು. ತೆಳ್ಳನೆಯ ಪದರ, ಒಣಗಲು ಬಿಟ್ಟಳು. ಮತ್ತೊಂದು ಪದರ. ಒಣಗಿದ ಮೇಲೆ ಎಷ್ಟು ತಿಳಿಯಾಗುತ್ತದೆಂದು ಅವಳಿಗೆ ಮೊದಲೇ ಕಾಣುತ್ತಿತ್ತು. ಸುತ್ತ ಮಾತು ನಡೆದಿತ್ತು, ಕುರ್ಚಿಗಳು ಸರಿದವು. ಹನ್ನೆರಡಾಗಿ ಎಲ್ಲರೂ ಹೊರಟರು. ಅವಳಿಗೆ ಯಾವುದೂ ಕೇಳಲಿಲ್ಲ.

ಕೊನೆಗೆ ತಲೆಯೆತ್ತಿದಾಗ ಮೇಷ್ಟ್ರು ಪಕ್ಕದಲ್ಲಿ ನಿಂತಿದ್ದರು. ತಿದ್ದುವುದಿದ್ದರೆ ಅವರು ವಿದ್ಯಾರ್ಥಿಗಳ ಕೈಯಿಂದ ಬ್ರಶ್ಶು ತೆಗೆದುಕೊಳ್ಳುತ್ತಿದ್ದರು. ಈಗ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು.

“ನಾನಾಗಿದ್ರೆ ಅರ್ಧ ಕಾಗದ ಖಾಲಿ ಬಿಟ್ಟು, ಇದೇ ಬಿಳಿ ಅಂತಿದ್ದೆ” ಎಂದರು. “ನೀವು ಒಂದು ಚೂರೂ ಬಿಟ್ಟಿಲ್ಲ. ಎಲ್ಲಾನೂ ಬರೆದಿದ್ದೀರಿ, ಆದ್ರೂ ಬಿಳೀನೇ ಇದೆ. ಇದು ನನ್ನ ಕೈಯಲ್ಲಿ ಆಗೋ ಕೆಲಸ ಅಲ್ಲ.”

ಹಲ್ಲಕ್ಕ ಮನೆಗೆ ಹೋದದ್ದು ನಡೆದೋ ಹಾರಿಯೋ ಅವಳಿಗೇ ಗೊತ್ತಿಲ್ಲ. ಅತ್ತೆ ಚಿತ್ರವನ್ನು ಬೆಳಕಿಗೆ ಹಿಡಿದಳು, ಕನ್ನಡಕ ಹಾಕಿಕೊಂಡು ಮತ್ತೆ ಹಿಡಿದಳು. ಇಷ್ಟು ಒಳ್ಳೆ ಬೇಸಿನ್ನನ್ನು ಯಾರು ಹೀಗೆ ಒಡೆದು ಹಾಕಿದರು, ನೋಡಿಕೊಳ್ಳುವವರು ಯಾರೂ ಇಲ್ಲವೇ ಅಲ್ಲಿ ಎಂದು ಗ್ರಂಥಾಲಯದವರ ಮೇಲೆ ರೇಗಿದಳು. ಅದಕ್ಕಿಂತ ದೊಡ್ಡ ಪ್ರಶಸ್ತಿ ಹಲ್ಲಕ್ಕನಿಗೆ ಆ ದಿನ ಬೇಕಿರಲಿಲ್ಲ.

ಮುಂದಿನ ಆರು ವಾರ ಅವಳು ಕೈ ಬಿಡದೆ ಬರೆದಳು. ಒಡೆದ ಮೊಟ್ಟೆಯ ಚಿಪ್ಪು, ಉಪ್ಪಿನ ಡಬ್ಬಿ, ಗಂಡನ ಸಮವಸ್ತ್ರದ ಒಳಗಿನ ಬನಿಯನ್, ತಲೆಯ ತಗ್ಗು ಉಳಿದ ದಿಂಬು, ಲ್ಯಾಬಿನ ಕಪಾಟಿನಲ್ಲಿ ಸಾಲಾಗಿ ಕೂತ ಬಾಯಿಯ ಅಚ್ಚುಗಳು. ಎಲ್ಲವೂ ಬಿಳಿ, ಎಲ್ಲವೂ ಅಂಗೈಯಗಲ. ಒಂದು ಬೆಳಿಗ್ಗೆ ಬರೆದದ್ದು ಕೆಟ್ಟರೆ ಕೈಯನ್ನು ದೂರದೆ ಇನ್ನೊಂದು ಕಾಗದ ಕತ್ತರಿಸಿಕೊಳ್ಳುತ್ತಿದ್ದಳು, ಹಲ್ಲು ಕೆಟ್ಟರೆ ಮತ್ತೆ ಮಾಡುವ ಹಾಗೆ.

ಮೇಷ್ಟ್ರ ಕಾರ್ಯಕ್ರಮ ಎಂದರೆ ಬಸ್ ನಿಲ್ದಾಣದ ಎದುರಿನ ಸಭಾಂಗಣದಲ್ಲಿ ಅವರ ಚಿತ್ರಗಳ ಪ್ರದರ್ಶನ. ಜೀವಮಾನದ ಕೆಲಸ, ಐವತ್ತೆರಡು ಚಿತ್ರ. ಬಾಗಿಲ ಪಕ್ಕದ ಕಿರುಗೋಡೆ ಖಾಲಿ ಇದೆ, ಅಲ್ಲಿ ನಿಮ್ಮವು ಎಂದು ಅವರು ಹೇಳಿದಾಗ ಹಲ್ಲಕ್ಕ ಸಾಧ್ಯವೇ ಇಲ್ಲ ಅಂದಳು. ಅಂಥ ಚಿತ್ರಗಳ ಪಕ್ಕ ಇವು ಬಡವರ ಮನೆಯ ಮಕ್ಕಳ ಹಾಗೆ ಮುದುಡಿ ನಿಲ್ಲುತ್ತವೆ, ಜನ ನಗುತ್ತಾರೆ, ನಿಮ್ಮ ಮಾನವೂ ಹೋಗುತ್ತದೆ ಎಂದು ಏನೇನೋ ಕಾರಣ ಕೊಟ್ಟಳು. ಮೇಷ್ಟ್ರು ಎಲ್ಲವನ್ನೂ ಕೇಳಿ, ಹನ್ನೊಂದು ಚೌಕಟ್ಟಿಗೆ ಹೇಳಿಯಾಗಿದೆ ಎಂದರು.

ಪ್ರದರ್ಶನದ ಬೆಳಿಗ್ಗೆ ಅವಳು ಬಾಗಿಲಿನಿಂದ ಆದಷ್ಟು ದೂರ ಕಂಬದ ಮರೆಯಲ್ಲಿ ನಿಂತಳು. ಜನ ಬರತೊಡಗಿದರು. ದೊಡ್ಡ ಚಿತ್ರಗಳ ಮುಂದೆ ನಿಂತು, ಹಿಂದೆ ಹಿಂದೆ ಸರಿದು ನೋಡಿ ಆಹಾ ಎಂದರು. ಕಿರುಗೋಡೆಯ ಹತ್ತಿರ ಮಾತ್ರ ಬೇರೆಯೇ ಆಟ. ಅಲ್ಲಿ ಜನ ಮುಂದೆ ಬಾಗುತ್ತಿದ್ದರು. ಒಬ್ಬರು ಬಾಗಿದರೆ ಏಳುತ್ತಿರಲಿಲ್ಲ, ಹಿಂದಿನವರು ಕಾಯಬೇಕು. ಹನ್ನೊಂದು ಗಂಟೆಯ ಹೊತ್ತಿಗೆ ಅಲ್ಲಿ ಸಾಲು ಬೆಳೆದು ಬಾಗಿಲು ದಾಟಿ ಮೆಟ್ಟಿಲಿಗೆ ಇಳಿದಿತ್ತು. ಸಭಾಂಗಣದ ಕಾವಲುಗಾರ ಬಂದು, ಒಬ್ಬೊಬ್ಬರು ಎರಡೆರಡು ನಿಮಿಷ ಅಷ್ಟೇ ಎಂದು ಕೂಗಿ ಹೇಳಿ, ತಾನು ಮಾತ್ರ ದಿಂಬಿನ ಚಿತ್ರದ ಮುಂದೆ ಐದು ನಿಮಿಷ ನಿಂತ. ಪತ್ರಿಕೆಯಿಂದ ಬಂದವಳೊಬ್ಬಳು ಇವು ಯಾರವು ಎಂದು ಮೇಷ್ಟ್ರನ್ನು ಕೇಳಿದಳು. ನನಗೆ ಹಲ್ಲು ಕೊಟ್ಟವರದು ಎಂದರು ಅವರು. ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅತ್ತೆ ಅವಳನ್ನು ಕೈಸನ್ನೆಯಲ್ಲಿ ಕರೆದು, ಇದೂ ನನ್ನ ಸೊಸೆಯದೇ ಕೈಕೆಲಸ, ಬರೆದುಕೊಳ್ಳಮ್ಮಾ ಎಂದು ತನ್ನ ಮೇಲಿನ ಹಲ್ಲಿನ ಸಾಲನ್ನು ತೋರಿಸಿದಳು.

ಹನ್ನೆರಡೂವರೆಗೆ ಎದುರಿನ ನಿಲ್ದಾಣಕ್ಕೆ ಗಂಡನ ಬಸ್ಸು ಬಂತು. ಅಲ್ಲಿ ಹದಿನೈದು ನಿಮಿಷದ ವಿರಾಮ. ಆತ ಸಮವಸ್ತ್ರದಲ್ಲೇ ಒಳಗೆ ಬಂದ. ಹಿಂದೆ ಕಂಡಕ್ಟರು. ಅವನ ಹಿಂದೆ ಹತ್ತು ಹನ್ನೆರಡು ಪ್ರಯಾಣಿಕರು, ಕೈಚೀಲ ಸಮೇತ. ಮಾತೇ ಆಡದ ಮನುಷ್ಯ ಬಸ್ಸಿನಲ್ಲಿ ಎದ್ದು ನಿಂತು, ನನ್ನ ಹೆಂಡತಿ ಬರೆದ ಚಿತ್ರ ಇಲ್ಲಿದೆ, ಬರುವವರು ಬನ್ನಿ, ನಾನು ಬರುವ ತನಕ ಬಸ್ಸು ಹೊರಡುವುದಿಲ್ಲ ಎಂದನಂತೆ. ಆಮೇಲೆ ಕಂಡಕ್ಟರು ಇದನ್ನು ಡಿಪೋದಲ್ಲೆಲ್ಲ ಹೇಳಿಕೊಂಡು ತಿರುಗಿದ. ಗಂಡ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಬನಿಯನ್ನಿನ ಚಿತ್ರವನ್ನು ನೋಡಿದ, ಕಂಬದ ಕಡೆ ತಿರುಗಿ ಅವಳನ್ನು ನೋಡಿದ, ಟೋಪಿ ಸರಿಮಾಡಿಕೊಂಡು ಹೊರಟ. ಆ ದಿನ ಬಸ್ಸು ಎಂಟು ನಿಮಿಷ ತಡ. ಅಷ್ಟು ವರ್ಷದ ನೌಕರಿಯಲ್ಲಿ ಅದೇ ಮೊದಲು. ಹಲ್ಲಕ್ಕ ಕಂಬದ ಮರೆಯಿಂದ ಈಚೆ ಬಂದದ್ದು ಆಮೇಲೆಯೇ. ಬಂದು ತನ್ನ ಚಿತ್ರಗಳ ಪಕ್ಕದಲ್ಲೇ ನಿಂತಳು, ಕೇಳಿದವರಿಗೆಲ್ಲ ಹೌದು, ನಾನೇ ಬರೆದದ್ದು ಎಂದಳು.

ಸಂಜೆ ಐದಕ್ಕೆ ಜನ ಕರಗಿದರು. ಕಾವಲುಗಾರ ಕಿಟಕಿ ಮುಚ್ಚುತ್ತ ಬಂದ. ಮೇಷ್ಟ್ರು ಕಿರುಗೋಡೆಯ ಮುಂದೆ ನಿಂತು ಸ್ವಲ್ಪ ಸಂಕೋಚದಿಂದ ಹೇಳಿದರು.

“ಬೇಸಿನ್ನು ನನಗೆ ಬೇಕು. ಬದಲಿಗೆ ನನ್ನದು ಯಾವುದು ಬೇಕೋ ತಗೊಳ್ಳಿ.”

ಹಿಂದಿನ ಹಲ್ಲಕ್ಕನಾಗಿದ್ದರೆ ಯಾವುದಾದರೂ ಸರಿ ಎನ್ನುತ್ತಿದ್ದಳು, ಕೊಟ್ಟ ಕಾಗದದ ತುಂಡನ್ನೂ ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

“ನೋಡಿ ಹೇಳ್ತೀನಿ, ಮೇಷ್ಟ್ರೇ” ಎಂದಳು.

ಸೆರಗು ಸಿಕ್ಕಿಸಿಕೊಂಡು ಮೊದಲ ಚಿತ್ರದಿಂದ ಶುರುಮಾಡಿದಳು. ಒಂದೊಂದರ ಮುಂದೆಯೂ ನಿಂತಳು. ಹತ್ತಿರ ಹೋದಳು, ದೂರ ಬಂದಳು. ಎಂಟನೆಯದರ ಆಕಾಶದಲ್ಲಿ ನೀರು ಒಂದು ಹನಿ ಹೆಚ್ಚಾಗಿತ್ತು, ಹಾಗೆಂದು ಹೇಳಿದಳು. ಮೇಷ್ಟ್ರು ಬಾಗಿಲ ಬಳಿಯಿಂದಲೇ ಹೌದು, ಆ ದಿನ ಗಾಳಿ ಇತ್ತು ಎಂದು ಸಮಜಾಯಿಷಿ ಕೊಟ್ಟರು. ಇಪ್ಪತ್ತಮೂರನೆಯದರ ಮುಂದೆ ಅವಳು ಬಹಳ ಹೊತ್ತು ನಿಂತಾಗ ಅವರು ಒಂದು ಹೆಜ್ಜೆ ಮುಂದೆ ಬಂದರು. ಅವಳು ತಲೆಯಾಡಿಸಿ ಮುಂದೆ ಹೋದಾಗ ಮ್ಲಾನವಾಗಿ ಹಿಂದೆ ಸರಿದರು. ಕಾವಲುಗಾರ ಬೀಗದ ಕೈ ಹಿಡಿದು ಕುರ್ಚಿಯಲ್ಲಿ ಕೂತುಬಿಟ್ಟ. ಐವತ್ತೆರಡನ್ನೂ ನೋಡಿ ಮುಗಿಸಿ, ಹಿಂದಕ್ಕೆ ನಡೆದು, ಹಲ್ಲಕ್ಕ ನಲವತ್ತೊಂದನೆಯದರ ಮುಂದೆ ನಿಂತಳು. ಕಟ್ಟೆಯ ಮೇಲೆ ಯಾರೋ ಬಿಟ್ಟುಹೋದ ಕೊಡೆ, ಅದರ ಪಕ್ಕದಲ್ಲಿ ಒಂದಿಷ್ಟು ಬಿಸಿಲು.

“ಇದು” ಎಂದಳು.

ಮೇಷ್ಟ್ರು ಅದನ್ನು ಗೋಡೆಯಿಂದ ಇಳಿಸಿ, ಪೇಪರಿನಲ್ಲಿ ಸುತ್ತಿ, ಅವಳ ಕೈಗೆ ಕೊಟ್ಟರು. ಆಮೇಲೆ ಬೇಸಿನ್ನನ್ನು ಎದೆಗವಚಿಕೊಂಡು, ಬಸ್ಸಿನ ನೂಕುನುಗ್ಗಲಿನಲ್ಲಿ ಚೌಕಟ್ಟಿನ ಗಾಜು ಒಡೆದೀತೆಂದು ಹೆದರಿ, ಮನೆಯವರೆಗೂ ನಡೆದೇ ಹೋದರು.